ಹಳೆಯ ನಳಿಗೆ, ಹೊಸ ಮದ್ದು: ಕರ್ನಾಟಕದ ಬೇಟೆ ಬಂದೂಕುಗಳಲ್ಲಿ ಸುರಕ್ಷಿತ ಅಳತೆಯ ಪ್ರಶ್ನೆ

ಸಾರಾಂಶ

ಸೈನ್ಯದಿಂದ ಹೊರಬಂದ ಹಳೆಯ ರೈಫಲ್ಲಿಗೆ ಬೇಟೆಗಾರನೇ ತೋಟಾ ತುಂಬಿಕೊಳ್ಳುವ ಪದ್ಧತಿ ಅಮೆರಿಕದಂಥ ದೇಶಗಳಲ್ಲಿ ಬೆಳೆದಿದೆ. ಕರ್ನಾಟಕದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಸೈನಿಕ ತೋಟಾವನ್ನು ಕಾನೂನು ನಾಗರಿಕರಿಂದ ದೂರವಿಟ್ಟಿತು. ಆದರೆ ಕೈಯಾರೆ ಮದ್ದು ಅಳೆದು ತುಂಬುವ ರೂಢಿ ನಳಿಗೆಯ ಬಾಯಿಯಿಂದ ತುಂಬುವ ಕೇಪಿನ ಕೋವಿಯಲ್ಲಿ ಉಳಿಯಿತು. ಅಪಾಯದ ಮುಖ್ಯ ಮೂಲ ಬಂದೂಕಿನ ವಯಸ್ಸಲ್ಲ, ಒಂದು ಕಾಲದ ನಳಿಗೆಗೆ ಇನ್ನೊಂದು ಕಾಲದ ಮದ್ದು ಬೀಳುವುದು ಎಂಬುದು ಈ ಲೇಖನದ ವಾದ.

ಪ್ರಮುಖ ಪದಗಳು: ಕೋವಿ, ತೋಟಾ, ಮದ್ದಿನ ಅಳತೆ, ಶಸ್ತ್ರಾಸ್ತ್ರ ಕಾಯ್ದೆ, ಕೊಡಗು

1. ಮಾಗಡಿ ರಸ್ತೆಯಿಂದ

ಬೆಂಗಳೂರಿನ ಸುಂಕದಕಟ್ಟೆಯನ್ನು ಹಾದುಹೋಗುವ ಮಾಗಡಿ ರಸ್ತೆಯ ಆ ತುದಿಯ ಗುಡ್ಡಗಳು ಕೆನೆತ್ ಆಂಡರ್ಸನ್ನರ ಶಿಕಾರಿ ಬರಹಗಳಲ್ಲಿ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಸಂಪುಟವೊಂದರ ಹೆಸರೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಆಂಡರ್ಸನ್ ಬಹುಕಾಲ ಬಳಸಿದ್ದು 1895ರ ಮಾದರಿಯ ವಿಂಚೆಸ್ಟರ್ ರೈಫಲ್. ಅದರ .405 ತೋಟಾ ಬಂದದ್ದು 1904ರಲ್ಲಿ; ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಇದೇ ಮಾದರಿಯ ಸುಮಾರು 3 ಲಕ್ಷ ರೈಫಲ್‌ಗಳು ಮೊದಲ ಮಹಾಯುದ್ಧದಲ್ಲಿ ರಷ್ಯದ ಸೈನ್ಯಕ್ಕೆ ಹೋದವು, ಆದರೆ ರಷ್ಯದ ತೋಟಾಕ್ಕೆ ಹೊಂದಿಸಿದ ರೂಪದಲ್ಲಿ. ಶಿಕಾರಿಯ ಯಂತ್ರವನ್ನೂ ಸೈನಿಕನ ಯಂತ್ರವನ್ನೂ ಬೇರ್ಪಡಿಸಿದ್ದು ಇಲ್ಲಿ ತೋಟಾ.

2. ಕಾನೂನು ಎಳೆದ ಗೆರೆ

ಭಾರತದಲ್ಲಿ ಈ ಬೇರ್ಪಡಿಕೆ ಸರ್ಕಾರದ ನೀತಿಯೇ ಆಗಿತ್ತು. ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕುಗಳಿಗೆ ಹೊರಗಿನಿಂದ ಗುಂಡು ಸಿಗಬಾರದೆಂದು 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಆಡಳಿತ .450 ಬೋರಿನ ಆಮದನ್ನು ನಿಷೇಧಿಸಿತು. ಅದಕ್ಕೆ ಬದಲಾಗಿ ಇಂಗ್ಲೆಂಡಿನ ತಯಾರಕರು .465, .470ರಂಥ ಹೊಸ ಅಳತೆಗಳನ್ನು ಹುಟ್ಟಿಸಿದರು. ಸೈನ್ಯದ .303 ಸ್ವಾತಂತ್ರ್ಯಾನಂತರವೂ ನಿರ್ಬಂಧಿತ ಬೋರಾಗಿಯೇ ಮುಂದುವರಿಯಿತು. ನಾಗರಿಕರಿಗೆ ದಕ್ಕಿದ್ದು ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಅದರ ಬೋಲ್ಟು ಲೀ-ಎನ್‌ಫೀಲ್ಡ್ ಜಾತಿಯದು, ತೋಟಾ ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಖರ್ ವಂಶದ್ದು. ಎರಡೂ ಸೈನ್ಯದಿಂದ ಬಂದವು. ಜೋಡಣೆ ಮಾತ್ರ ನಾಗರಿಕ.

3. ನಳಿಗೆಯ ಒಳಗಿನ ಒತ್ತಡ

ಬ್ರಿಟಿಷ್ ಸೈನ್ಯ 1888ರಲ್ಲಿ ಅಂಗೀಕರಿಸಿದ ಲೀ-ಮೆಟ್‌ಫರ್ಡ್ ರೈಫಲ್ಲಿನ ತೋಟಾದಲ್ಲಿ ಮೊದಲಿಗೆ ಇದ್ದದ್ದು ಕಪ್ಪು ಮದ್ದು. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದಿತು. ಅದರ ಬಿಸಿಗೆ ಮೆಟ್‌ಫರ್ಡನ ಆಳವಿಲ್ಲದ ಸುರುಳಿ ಗೆರೆಗಳು ಬೇಗ ಸವೆದದ್ದರಿಂದ 1895ರಲ್ಲಿ ಎನ್‌ಫೀಲ್ಡ್ ಗೆರೆಗಳು ಬಂದವು. ಮದ್ದು ಬದಲಾದರೆ ನಳಿಗೆಯೂ ಬದಲಾಗಬೇಕೆಂದು ಸೈನ್ಯವೇ ಹೀಗೆ ಒಪ್ಪಿಕೊಂಡಿತು.

ಲೀ ಬೋಲ್ಟಿಗೆ ಬೀಗದ ಹಲ್ಲುಗಳಿರುವುದು ಹಿಂಭಾಗದಲ್ಲಿ. ಒತ್ತಡ ಏರಿದಾಗ ಬೋಲ್ಟು ತುಸು ಮಣಿಯುತ್ತದೆ, ತೋಟಾದ ಹಿತ್ತಾಳೆ ಹಿಗ್ಗುತ್ತದೆ. ಕೆಸರಲ್ಲೂ ಕೆಲಸ ಮಾಡಲೆಂದು ತೋಟಾ ಕೂರುವ ಗೂಡನ್ನು ಸಡಿಲವಾಗಿ ಕೊರೆದ ಸೈನಿಕ ರೈಫಲ್‌ಗಳಲ್ಲಿ ಈ ಹಿಗ್ಗುವಿಕೆ ಇನ್ನೂ ಹೆಚ್ಚು. ಅದೇ ಖಾಲಿ ತೋಟಾವನ್ನು ಮತ್ತೆ ಮತ್ತೆ ತುಂಬಿದರೆ ತಳದ ಬಳಿ ಹಿತ್ತಾಳೆ ಹರಿದು, ಬಿಸಿ ಅನಿಲ ಹೊಡೆಯುವವನ ಮುಖದತ್ತ ನುಗ್ಗಬಹುದು. ಮದ್ದು ಕಡಿಮೆ ಮಾಡಿದರೆ ಸಾಕೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ: ತೀರ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಈಡಿಗೆ ನಳಿಗೆ ಸಿಡಿಯುತ್ತದೆ.

4. ಕೇಪಿನ ಕೋವಿ ಮತ್ತು ಕೊಡಗು

ನಮ್ಮಲ್ಲಿ ಅಳತೆಯ ಹೊಣೆ ಹೊಡೆಯುವವನ ಮೇಲೇ ಇದ್ದದ್ದು ಕೇಪಿನ ಕೋವಿಯಲ್ಲಿ. ಅದರ ಪ್ರತಿ ಈಡೂ ಕೈತುಂಬಿದ್ದು. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಆಸರೆಯೂ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಘೋಷಿಸಿದರು. ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಈಡು.

ಕೋವಿಯ ಮದ್ದನ್ನು ತೂಗುವುದಕ್ಕಿಂತ ಗಾತ್ರದಿಂದ ಅಳೆಯುವುದೇ ಸಾಮಾನ್ಯ. ಕಪ್ಪು ಮದ್ದಿಗೆ ಇದು ಸಾಕು. ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಸಮ ತೂಕದಲ್ಲಿ ಹಲವು ಪಟ್ಟು ಶಕ್ತಿ ಕೊಡುತ್ತದೆ. ಬಿಚ್ಚಿದ ತೋಟಾದ ಮದ್ದನ್ನು ಹಳೆಯ ಅಳತೆಯಲ್ಲೇ ಕೋವಿಗೆ ಸುರಿದರೆ ಗಟ್ಟಿಮುಟ್ಟಾದ ನಳಿಗೆಯೂ ತಾಳದು. ಒಂದೇ ನಳಿಗೆಗೆ ಎರಡು ಸಲ ತುಂಬುವುದು, ಗಜದಿಂದ (ತುಂಬುವ ಸಲಾಕೆಯಿಂದ) ಗುಂಡನ್ನು ಮದ್ದಿನವರೆಗೆ ಇಳಿಸದೆ ನಡುವೆ ಸಂದು ಬಿಡುವುದು ನಳಿಗೆ ಸಿಡಿಯಲು ಇನ್ನೆರಡು ಕಾರಣಗಳು.

5. ಬಿಸಿಲು ಮತ್ತು ಮಳೆ

ಕಾರ್ಡೈಟಿನ ಒತ್ತಡ ಉಷ್ಣಕ್ಕೆ ಏರುತ್ತದೆ. ಆದ್ದರಿಂದ ಬ್ರಿಟಿಷ್ ತಯಾರಕರು ಉಷ್ಣವಲಯಕ್ಕೆಂದೇ ಮದ್ದು ತಗ್ಗಿಸಿದ ತೋಟಾಗಳನ್ನು ಕೊಡುತ್ತಿದ್ದರು. ಲಂಡನ್ನಿನ ಚಳಿಯಲ್ಲಿ ಸರಿಯಿದ್ದ ಅಳತೆ ಬಯಲುಸೀಮೆಯ ಬೇಸಗೆಗೆ ಹೊಂದುತ್ತಿರಲಿಲ್ಲ. ಮಲೆನಾಡಿನ ತೊಂದರೆ ಬೇರೆ. ಹಳೆಯ ಕೇಪುಗಳ ಕ್ಲೋರೇಟ್ ಉರಿದ ಮೇಲೆ ಉಳಿಯುವ ಉಪ್ಪು ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗದು. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

6. ಸಮಾರೋಪ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹವ್ಯಾಸದ ಬೇಟೆಗೆ ಇಲ್ಲಿ ಜಾಗವಿಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆದರೂ ಬೆಳೆ ಕಾಯುವ ಕೋವಿ, ಹಬ್ಬದ ಕೋವಿ, ಮನೆತನದ ರೈಫಲ್ ಬಳಕೆಯಲ್ಲಿವೆ. ಅವುಗಳ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಮದ್ದು ಎಂಬುದಲ್ಲ, ಯಾವ ಕಾಲದ ಮದ್ದಿಗೆ ಈ ನಳಿಗೆ ಪರೀಕ್ಷೆಯಾಗಿದೆ ಎಂಬುದು. ಉತ್ತರ ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಯಲ್ಲಿದೆ. ಮುದ್ರೆ ಅಳಿಸಿಹೋಗಿದ್ದರೆ ಆ ಕೋವಿಗೆ ಸುರಕ್ಷಿತ ಅಳತೆ ಎಂಬುದೇ ಇಲ್ಲ. ಅದನ್ನು ಪೂಜೆಗಷ್ಟೇ ಇಡಬೇಕು. ಪರವಾನಗಿ ನವೀಕರಣದ ಹೊತ್ತಿಗೆ ಬೋರಿನ ಜೊತೆ ಈ ಮುದ್ರೆಯನ್ನೂ ದಾಖಲಿಸಿದರೆ ಅಪಘಾತ ತಪ್ಪಿಸುವುದಕ್ಕೂ ಸಂಶೋಧನೆಗೂ ಅದೊಂದೇ ಪಟ್ಟಿ ಒದಗುತ್ತದೆ.