ನಿರಾಶ್ರಿತರ ನೆಲೆಯೂ ನಗರದ ಹಣವೂ

ಅನ್ನ, ವಸ್ತ್ರ, ವಸತಿಗಳೆಂಬ ಮೂರರಲ್ಲಿ ಮೊದಲಿನ ಎರಡನ್ನು ಕೈಯೆತ್ತಿ ಕೊಟ್ಟುಬಿಡಬಹುದು; ವಸತಿಯಾದರೋ ಪ್ರತಿರಾತ್ರಿಯೂ ಬೇಕಾದುದು. ಮಲ್ಲಂದೂರಿನ ಕಾಫಿಯ ಮಲೆಗಳಲ್ಲಿ ಮುಂಗಾರು ಹಗಲಿರುಳೆನ್ನದೆ ಸುರಿಯುವುದನ್ನು ಕಂಡವರಿಗೆ ಸೂರಿಲ್ಲದವನ ಸಂಕಟವನ್ನು ವಿವರಿಸಬೇಕಾದುದಿಲ್ಲ. ಇಂಥವರಿಗೆ ನೆಲೆಯನ್ನು ಕಲ್ಪಿಸುವ ಭಾರವನ್ನು ಕನ್ನಡನಾಡಿನಲ್ಲಿ ಯಾರು ಯಾರು ಹೊತ್ತರೆಂಬುದು ಸದ್ಭಕ್ತರು ತಿಳಿಯತಕ್ಕ ಚರಿತ್ರೆಯಾಗಿದೆ.

ಪೂರ್ವಕಾಲದಲ್ಲಿ ಈ ಭಾರವು ಅರಸರದೂ ಮಠಗಳದೂ ದಾನಿಗಳದೂ ಆಗಿದ್ದಿತು. ಮೈಸೂರು ಸಂಸ್ಥಾನದಲ್ಲಿ ಛತ್ರಗಳ ಮೇಲ್ವಿಚಾರಣೆಯು ಮುಜರಾಯಿ ಇಲಾಖೆಗೆ ಸೇರಿದ್ದಿತು. 1903ರಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಸ್ಥಾಪಿಸಿದ ಧರ್ಮಛತ್ರವು ಈ ಪರಂಪರೆಯ ಕೀರ್ತಿಸ್ತಂಭವು. ಆದರೆ ಛತ್ರವೆಂಬುದು ಮುಖ್ಯವಾಗಿ ಪಯಣಿಗರಿಗಾಗಿ ಏರ್ಪಟ್ಟುದು. ಎರಡು ಮೂರು ದಿನ ತಂಗಿದವನಿಗೆ ಹಿಂದಿರುಗಲು ಮನೆಯುಂಟೆಂಬುದೇ ಅದರ ತಳಹದಿ. ಮನೆಯೇ ಇಲ್ಲದವರು ಅಸಂಖ್ಯಾತರಾದಾಗ ದಾನವೊಂದೇ ಸಾಲದೆಂಬುದನ್ನು 1876–78ರ ಮಹಾಕ್ಷಾಮವು ತೋರಿಸಿಕೊಟ್ಟಿದ್ದಿತು. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು.

ತರುವಾಯ ಸರ್ಕಾರವು ಶಾಸನದ ಮಾರ್ಗವನ್ನು ಹಿಡಿಯಿತು. 1944ರಲ್ಲಿ ಮೈಸೂರಿನಲ್ಲಿಯೂ, 1975ರಲ್ಲಿ ಸಮಗ್ರ ಕರ್ನಾಟಕಕ್ಕೂ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯಿದೆಗಳಾದವು. ಎರಡನೆಯದರ ಪ್ರಕಾರ ಪುರಸಭೆಗಳೇ ಮೊದಲಾದ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ನೂರಕ್ಕೆ 3ರಂತೆ ಕರವನ್ನು ವಸೂಲು ಮಾಡಿ ನಿರಾಶ್ರಿತರ ಪರಿಹಾರಕಾರ್ಯಕ್ಕೆ ಒಪ್ಪಿಸತಕ್ಕದ್ದೆಂದು ಏರ್ಪಾಟಾಯಿತು. ಹೀಗೆ ಮನೆಯುಳ್ಳವನ ತೆರಿಗೆಯಲ್ಲಿ ಮನೆಯಿಲ್ಲದವನಿಗೂ ಒಂದು ಪಾಲು ಏರ್ಪಟ್ಟಿತು. ಇದು ಸಾಮಾನ್ಯವಾದ ಮಾತಲ್ಲ. ಆದರೂ ಆ ಶಾಸನವು ಬಡವನನ್ನು ಅತಿಥಿಯೆಂದು ಕರೆಯದೆ, ಹಿಡಿದು ತಂದು ಕೇಂದ್ರದಲ್ಲಿ ಇರಿಸತಕ್ಕವನೆಂದು ಎಣಿಸಿತು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಅನೇಕರು ಮೃತರಾದುದು ನಾಡಿಗೆಲ್ಲ ವಿದಿತವಾದ ದುಃಖದ ವಿಷಯ. ಹಣವಿದ್ದರೂ ಆದರವಿಲ್ಲದ ಆಶ್ರಯವು ಆಶ್ರಯವಾಗಲಾರದು.

ಅದೇ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಗರಗಳಲ್ಲಿ ವಸತಿಹೀನರಿಗೆ ಆಶ್ರಯಗಳನ್ನು ಕಲ್ಪಿಸಬೇಕೆಂದು ಆಜ್ಞಾಪಿಸಿತು. ಮರುವರ್ಷದ ಜನಗಣತಿಯಲ್ಲಿ ಭಾರತದ ಪಟ್ಟಣಗಳಲ್ಲಿಯೇ ಸುಮಾರು 9 ಲಕ್ಷ 38 ಸಾವಿರ ವಸತಿಹೀನರು ಲೆಕ್ಕಕ್ಕೆ ಬಂದರು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರು ತಂಗುವಷ್ಟು ಆಶ್ರಯವಿರಬೇಕೆಂದು ವಿಧಿಸಿ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಧನವನ್ನು ಒದಗಿಸಿತು. 2011ರಲ್ಲಿ ಸುಮಾರು 1 ಲಕ್ಷ 18 ಸಾವಿರ ಜನರಿದ್ದ ಚಿಕ್ಕಮಗಳೂರಿಗೆ ಈ ಅಳತೆಯಂತೆ ಕನಿಷ್ಠ 100 ಜನರು ತಂಗುವಷ್ಟು ಆಶ್ರಯವು ಸಲ್ಲತಕ್ಕದ್ದಾಯಿತು. ಯಾತ್ರಿಕನೆಂದೂ ಭಿಕ್ಷುಕನೆಂದೂ ಕರೆಯಿಸಿಕೊಂಡವನು ಈಗ ಹಕ್ಕುಳ್ಳ ಪ್ರಜೆಯಾದನು.

ಆದರೆ ಬಿದ್ದವನನ್ನು ಎತ್ತುವುದಕ್ಕಿಂತ ಬೀಳದಂತೆ ಹಿಡಿಯುವುದು ಮೇಲು. 1951ರ ತೋಟ ಕಾರ್ಮಿಕರ ಕಾಯಿದೆಯು ಕೂಲಿಗಾರರಿಗೆ ಮನೆಯನ್ನು ಕೊಡುವ ಹೊಣೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತು. ಕಾಫಿ ಸೀಮೆಯ ಲೈನುಮನೆಗಳಲ್ಲಿ ಬಾಳಿದವರು ಬಹುಮಂದಿ. ಆದರೆ ಆ ಮನೆಯು ಕೆಲಸಕ್ಕೆ ಕಟ್ಟಿದುದು. ಕೆಲಸ ಮುಗಿದ ಮುದುಕನಿಗೆ ಸ್ವಂತ ಸೂರಿಲ್ಲದಿದ್ದರೆ ಪಟ್ಟಣದ ಬೀದಿಯೇ ಗತಿಯಾಗಬಹುದು. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಕುಸಿದು ಮನೆಗಳು ಹಾಳಾದವು. ಆಗ ಪೂರ್ಣವಾಗಿ ಮನೆ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿಗಳನ್ನೂ, ಮನೆ ಕಟ್ಟುವವರೆಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಗಳಂತೆ 10 ತಿಂಗಳ ಹಣವನ್ನೂ ರಾಜ್ಯಸರ್ಕಾರವು ಸಾರಿತು. ಈ ಬಾಡಿಗೆಯ ಹಣವು ತಕ್ಕ ಕಾಲದಲ್ಲಿ ಕೈಸೇರಿದರೆ ಒಂದು ಕುಟುಂಬವು ಬೀದಿಗೆ ಬೀಳುವುದು ತಪ್ಪುತ್ತದೆ. ತಡವಾದರೆ ಅದೇ ಹಣವು ನಿಷ್ಫಲ.

ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಆ ಭೇದವಿಲ್ಲ. ತೆರಿಗೆಯ ಹಣಕ್ಕೂ ಈ ಗುಣವುಂಟು, ಏಕೆಂದರೆ ಅದರಲ್ಲಿ ದಾತನ ಹೆಸರಿಲ್ಲ. ಆದುದರಿಂದ ಮನೆಯ ತೆರಿಗೆಯನ್ನು ಕಟ್ಟುವ ಭಕ್ತನು ತನ್ನ ರಶೀದಿಯಲ್ಲಿರುವ ಆ ಕರವನ್ನು ಹೊರೆಯೆಂದೆಣಿಸದೆ ಸಲ್ಲಿಸುವುದೂ, ಅದು ಯಾರ ತಲೆಯ ಮೇಲಿನ ಸೂರಾಯಿತೆಂದು ಪುರಸಭೆಯನ್ನು ವಿಚಾರಿಸುವುದೂ ದಾಸೋಹಕ್ಕೆ ಹೊರತಾದುವಲ್ಲ.