ಗೋಡೆ ಬಿಡದ ಹಲ್ಲಿಯ ಗುಟ್ಟು

ಸಂಜೆ ದೀಪ ಹಾಕಿದೊಡನೆ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಇಣುಕದ ಮನೆ ನಮ್ಮಲ್ಲಿ ಅಪರೂಪ. ಮಾತಿನ ನಡುವೆ ಅದು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಹಿರಿಯರು ಬೆರಳಿನಿಂದ ನೆಲ ತಟ್ಟುತ್ತಾರೆ. ಮೈಮೇಲೆ ಬಿದ್ದರಂತೂ ಪಂಚಾಂಗವನ್ನು ತೆರೆಯಲೇಬೇಕು. ತಲೆಗೊಂದು ಫಲ, ಭುಜಕ್ಕೊಂದು ಫಲ, ಪಾದಕ್ಕೆ ಮತ್ತೊಂದು. ಕಂಚಿಯ ವರದರಾಜಸ್ವಾಮಿ ದೇವಾಲಯದ ಚಿನ್ನದ ಮತ್ತು ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬಂದರೆ ದೋಷ ತಟ್ಟದೆಂದು ನಂಬಿ ಕರ್ನಾಟಕದಿಂದಲೂ ಯಾತ್ರಿಕರು ಅಲ್ಲಿಗೆ ಹೋಗುತ್ತಾರೆ.

ಹಲ್ಲಿ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹೀಗೆ ಸಿದ್ಧ ಉತ್ತರಗಳಿವೆ. ಆದರೆ ಅದು ಬೀಳದೆ ಇರುವುದಾದರೂ ಹೇಗೆ? ನುಣುಪಾದ ಗಾಜಿನ ಮೇಲೆ, ಛಾವಣಿಯಲ್ಲಿ ತಲೆಕೆಳಗಾಗಿ ಅದು ಓಡುವ ಬಗೆ ಯಾವುದು? ಮನುಷ್ಯ 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ. ಹಲ್ಲಿ ಗೋಡೆಯ ಮೇಲೆ ಕಾಲಿಡುವ ಬಗೆಗೆ ಪ್ರಯೋಗದ ಗಟ್ಟಿ ಆಧಾರ ದೊರೆತದ್ದು ಅದಕ್ಕೂ ಮೂರು ದಶಕಗಳ ನಂತರ.

ಈ ಕುತೂಹಲ ಹಳೆಯದು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಮರಕುಟಿಗವನ್ನು ವರ್ಣಿಸುತ್ತಾ, ಅದು ಹಲ್ಲಿಯಂತೆ ತಲೆಕೆಳಗಾಗಿಯೂ ಮರದ ಮೇಲೆ ಓಡಬಲ್ಲದು ಎಂದಿದ್ದಾನೆ. ಕಂಡದ್ದನ್ನು ದಾಖಲಿಸಿದ್ದು ಅವನ ಹೆಚ್ಚುಗಾರಿಕೆ. ಕಾರಣ ತಿಳಿಯಲು ಬೇಕಾದ ಉಪಕರಣ ಅವನ ಕಾಲದಲ್ಲಿರಲಿಲ್ಲ.

ಒಂದೊಂದಾಗಿ ಸೋತ ಊಹೆಗಳು

ಹಲ್ಲಿಯ ಕಾಲಿನಲ್ಲಿ ಅಂಟು ಒಸರುತ್ತದೆ ಎಂಬುದು ಯಾರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಅದರ ಬೆರಳುಗಳನ್ನು ಕೊಯ್ದು ನೋಡಿದವರಿಗೆ ಅಂಟು ಸ್ರವಿಸುವ ಗ್ರಂಥಿಗಳು ಕಾಣಲಿಲ್ಲ. ಹಲ್ಲಿ ನಡೆದ ಗಾಜಿನ ಮೇಲೆ ಅಂಟಿನ ಗುರುತೂ ಉಳಿಯುವುದಿಲ್ಲ.

ಮತ್ತೊಂದು ಊಹೆಯೂ ಇತ್ತು. ಹಲ್ಲಿಯ ಬೆರಳಿನ ತಳದಲ್ಲಿ ಅಡ್ಡಡ್ಡ ಮಡಿಕೆಗಳಿವೆ. ಅವು ಗಾಳಿಯನ್ನು ಹೊರದೂಡಿ ರಬ್ಬರ್ ಬಟ್ಟಲಿನಂತೆ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ ಎಂಬುದು ಆ ವಾದ. ಇದು ನಿಜವಾಗಿದ್ದರೆ ಗಾಳಿ ತೆಗೆದ ಪಾತ್ರೆಯೊಳಗೆ ಹಲ್ಲಿಯ ಹಿಡಿತ ತಪ್ಪಬೇಕಿತ್ತು. ಪ್ರಯೋಗ ಮಾಡಿದಾಗ ಹಿಡಿತ ತಪ್ಪಲಿಲ್ಲ.

20ನೇ ಶತಮಾನದ ಆರಂಭದಲ್ಲಿ ವಿದ್ಯುತ್ ಸೆಳೆತದ ವಾದ ಬಂತು. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ ಹಲ್ಲಿಯ ಕಾಲು ಗೋಡೆಯನ್ನು ಸೆಳೆಯುತ್ತದೆ ಎನ್ನಲಾಯಿತು. 1934ರಲ್ಲಿ ಜರ್ಮನಿಯ ಡೆಲ್ಲಿಟ್ ಎಂಬಾತ ಎಕ್ಸ್-ರೇ ಹಾಯಿಸಿ, ವಿದ್ಯುದಂಶ ಸೋರಿಹೋಗುವಂತೆ ಸುತ್ತಲಿನ ಗಾಳಿಯನ್ನು ಬದಲಿಸಿದ. ಹಲ್ಲಿ ಬೀಳಲಿಲ್ಲ.

ಉಗುರಿನಿಂದ ಹಿಡಿಯುತ್ತದೆ ಎನ್ನೋಣವೆಂದರೆ, ಉಡ, ಓತಿಕೇತಗಳಿಗೆ ಹೊಂದುವ ಆ ಉತ್ತರ ಇಲ್ಲಿ ಸಲ್ಲದು. ಅವು ಒರಟು ಕಲ್ಲು, ಮರದ ತೊಗಟೆಗಳನ್ನು ಹತ್ತಬಲ್ಲವೇ ಹೊರತು ಕಿಟಕಿಯ ಗಾಜನ್ನಲ್ಲ.

ಕೂದಲಿನ ತುದಿಯ ಕವಲುಗಳು

ಬೆರಳಿನ ಮಡಿಕೆಗಳ ಮೇಲೆ ಅತಿ ಸಣ್ಣ ರೋಮಗಳಿವೆ ಎಂಬುದು 19ನೇ ಶತಮಾನದ ವಿಜ್ಞಾನಿಗಳಿಗೂ ಗೊತ್ತಿತ್ತು. ನಮ್ಮ ಉಗುರಿನಲ್ಲಿರುವಂತೆ ಈ ರೋಮಗಳಲ್ಲಿಯೂ ಇರುವುದು ಕೆರಾಟಿನ್ ಎಂಬ ವಸ್ತು. ಆದರೆ ಅವುಗಳ ತುದಿಯಲ್ಲಿ ಏನಿದೆ ಎಂಬುದು ತಿಳಿದಿರಲಿಲ್ಲ. ಆ ತುದಿಗಳು ಬೆಳಕಿನ ಅಲೆಯುದ್ದಕ್ಕಿಂತಲೂ ಚಿಕ್ಕವು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ಸ್ಪಷ್ಟವಾಗಿ ಕಾಣುವುದು ಸಾಧ್ಯವೇ ಇರಲಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಈ ಅಡ್ಡಿ ನಿವಾರಣೆಯಾಯಿತು. 1965ರಲ್ಲಿ ಅಮೆರಿಕದ ರುಯಿಬಾಲ್ ಮತ್ತು ಅರ್ನ್ಸ್ಟ್ ಈ ರೋಮಗಳ ರಚನೆಯನ್ನು ವಿವರಿಸಿದರು. ಪ್ರತಿ ರೋಮದ ತುದಿ ನೂರಾರು ಕವಲುಗಳಾಗಿ ಒಡೆಯುತ್ತದೆ. ಪ್ರತಿ ಕವಲಿನ ಕೊನೆಗೂ ಸಣ್ಣ ಸೌಟಿನಂಥ ಚಪ್ಪಟೆ ಭಾಗವಿದೆ. ಅದರ ಅಗಲ ಮಿಲಿಮೀಟರಿನ ಸುಮಾರು 5,000ದಲ್ಲಿ ಒಂದು ಪಾಲು.

ಈ ರಚನೆಯಿಂದ ಏನು ಪ್ರಯೋಜನ? ಯಾವುದೇ ಎರಡು ವಸ್ತುಗಳ ಅಣುಗಳು ತೀರ ಹತ್ತಿರ ಬಂದಾಗ ಅವುಗಳ ನಡುವೆ ಒಂದು ಕ್ಷೀಣ ಸೆಳೆತ ಉಂಟಾಗುತ್ತದೆ. ಹಾಲೆಂಡಿನ ವಾನ್ ಡರ್ ವಾಲ್ಸ್ 1873ರ ತನ್ನ ಪ್ರಬಂಧದಲ್ಲಿ ಅಣುಗಳ ನಡುವಿನ ಇಂಥ ಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಂಡ. 1910ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆ ವಿಜ್ಞಾನಿಯ ಹೆಸರೇ ಸೆಳೆತಕ್ಕೂ ನಿಂತಿತು. ನಮ್ಮ ಅಂಗೈಯನ್ನು ಗೋಡೆಗೆ ಒತ್ತಿದರೂ ಈ ಸೆಳೆತವಿರುತ್ತದೆ. ಆದರೆ ಎರಡರ ಮೇಲ್ಮೈಯಲ್ಲೂ ಏರುತಗ್ಗುಗಳಿರುವುದರಿಂದ ಅವು ನಿಜವಾಗಿ ತಾಗುವುದು ಕೆಲವೇ ಬಿಂದುಗಳಲ್ಲಿ. ಹಲ್ಲಿಯ ರೋಮದ ಕವಲುಗಳಾದರೋ ಆ ತಗ್ಗುಗಳೊಳಗೂ ಇಳಿದು ಗೋಡೆಗೆ ತಾಗುತ್ತವೆ. ಹನಿ ಹನಿ ಕೂಡಿ ಹಳ್ಳವಾಗುವಂತೆ ಕ್ಷೀಣ ಸೆಳೆತಗಳು ಕೂಡಿ ಬಲವಾದ ಹಿಡಿತವಾಗುತ್ತದೆ.

ಇದನ್ನು ಅಳೆದು ತೋರಿಸಿದವರು ಅಮೆರಿಕದ ಕೆಲ್ಲರ್ ಆಟಮ್, ರಾಬರ್ಟ್ ಫುಲ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡದ್ದು ಟೋಕೇ ಎಂಬ ದೊಡ್ಡ ಹಲ್ಲಿಯನ್ನು. ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲೂ ಇದು ವಾಸಿಸುತ್ತದೆ. 2000ದಲ್ಲಿ ಅವರು ಅದರ ಒಂದೇ ಒಂದು ರೋಮವನ್ನು ಬಿಡಿಸಿ ಪರೀಕ್ಷಿಸಿದರು. ಸುಮಾರು 20 ಮಿಲಿಗ್ರಾಂ ತೂಕವನ್ನು, ಅಂದರೆ ಒಂದು ಇರುವೆಯನ್ನು, ಆ ರೋಮ ಹಿಡಿದು ನಿಲ್ಲಿಸಬಲ್ಲದು. ಅಂಥ ರೋಮಗಳು ಪ್ರತಿ ಪಾದದಲ್ಲೂ ಲಕ್ಷಗಟ್ಟಲೆ.

ಒಂದು ಸಂದೇಹ ಉಳಿದಿತ್ತು. ಒದ್ದೆಯಾದ ಎರಡು ಗಾಜಿನ ತುಂಡುಗಳು ಕೂಡಿಕೊಳ್ಳುವಂತೆ ತೆಳುವಾದ ನೀರಿನ ಪದರವೇ ಹಲ್ಲಿಯನ್ನು ಹಿಡಿದಿರಬಹುದಲ್ಲವೇ? 2002ರಲ್ಲಿ ಅದೇ ತಂಡ ನೀರು ಹರಡಿಕೊಳ್ಳುವ ಮೇಲ್ಮೈ ಹಾಗೂ ನೀರು ನಿಲ್ಲದ ಮೇಲ್ಮೈ ಎರಡರಲ್ಲೂ ಪರೀಕ್ಷೆ ನಡೆಸಿತು. ಎರಡರಲ್ಲೂ ಹಿಡಿತ ಗಟ್ಟಿಯಾಗಿಯೇ ಇತ್ತು. ವಾನ್ ಡರ್ ವಾಲ್ಸ್ ಸೆಳೆತದ ವಾದಕ್ಕೆ ಬಲ ಬಂತು. ಆದರೂ ಚರ್ಚೆ ಅಲ್ಲಿಗೇ ನಿಂತಿಲ್ಲ. ವಿದ್ಯುತ್ ಸೆಳೆತಕ್ಕೂ ಇದರಲ್ಲಿ ಪಾತ್ರವಿದೆ ಎಂದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವಾದಿಸಿದರು.

ಹಿಡಿಯುವುದಷ್ಟೇ ಅಲ್ಲ, ಬಿಡುವುದೂ ಮುಖ್ಯ

ಇಷ್ಟು ಬಲವಾಗಿ ಹಿಡಿದ ಕಾಲನ್ನು ಹಲ್ಲಿ ಸೆಕೆಂಡಿಗೆ ಹಲವು ಬಾರಿ ಕಿತ್ತಿಡುವುದು ಹೇಗೆ? ರೋಮಗಳು ಗೋಡೆಗೆ ಓರೆಯಾಗಿ ಎಳೆದಾಗ ಮಾತ್ರ ಹಿಡಿಯುತ್ತವೆ. ಓರೆ ಸುಮಾರು 30 ಡಿಗ್ರಿ ಮೀರಿದರೆ ತಾವಾಗಿ ಬಿಡುತ್ತವೆ. ಹಲ್ಲಿ ಬೆರಳಿನ ತುದಿಯನ್ನು ಮೇಲಕ್ಕೆ ಸುರುಳಿ ಮಾಡುವುದು ಈ ಕಾರಣಕ್ಕೆ. ಹಿಡಿದಿರಲು ಅದಕ್ಕೆ ಶ್ರಮವೂ ಬೇಕಿಲ್ಲ. ಆಗತಾನೆ ಸತ್ತ ಹಲ್ಲಿಯ ಕಾಲಿಗೂ ಅಷ್ಟೇ ಹಿಡಿತವಿರುವುದು 2014ರ ಮತ್ತೊಂದು ಪರೀಕ್ಷೆಯಲ್ಲಿ ಕಂಡುಬಂತು. ಕಾಲಿಗೆ ಮೆತ್ತಿದ ಧೂಳು ನಡೆಯುತ್ತಾ ನಡೆಯುತ್ತಾ ತಾನಾಗಿ ಉದುರುವುದನ್ನು 2005ರಲ್ಲಿ ತೋರಿಸಲಾಯಿತು.

ಈ ಅರಿವು ಪ್ರಯೋಗಶಾಲೆಯಲ್ಲೇ ಉಳಿಯಲಿಲ್ಲ. ಮುಂದೆ ಗ್ರಾಫೀನ್ ಸಂಶೋಧನೆಗೆ ನೊಬೆಲ್ ಪಡೆದ ಆಂದ್ರೆ ಗೈಮ್ ಅವರ ತಂಡ 2003ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದೇ ಮಾದರಿಯ ಟೇಪ್ ತಯಾರಿಸಿತು. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೂಪಿಸಿದ ಕೈಹಿಡಿಗಳಿಂದ 70 ಕಿಲೋ ತೂಕದ ಮನುಷ್ಯನೊಬ್ಬ ಗಾಜಿನ ಗೋಡೆ ಹತ್ತಿದ.

ಹಾಗಾದರೆ ಹಲ್ಲಿ ಬೀಳುವುದೇಕೆ? ಗೋಡೆ ತೀರ ಒದ್ದೆಯಾದರೆ ಅದರ ಹಿಡಿತ ಸಡಿಲವಾಗುತ್ತದೆ. ಸುಣ್ಣ ಉದುರುವ ಗೋಡೆಯಲ್ಲಿ ಹಲ್ಲಿ ಹಿಡಿದಿರುವುದು ಗೋಡೆಯನ್ನಲ್ಲ, ಗೋಡೆ ಬಿಟ್ಟ ಹುಡಿಯನ್ನು. ಹುಳುವಿನ ಮೇಲೆ ಎರಗುವಾಗ, ಇನ್ನೊಂದು ಹಲ್ಲಿಯೊಡನೆ ಕಾದಾಡುವಾಗ ಆಯ ತಪ್ಪುವುದೂ ಉಂಟು. ಕೆಳಗೆ ಯಾರ ತಲೆಯಿದೆ, ಯಾರ ಭುಜವಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಲ್ಲಿ ಬಿದ್ದ ಅಡುಗೆ ವಿಷವಾಗುತ್ತದೆ ಎಂಬ ಭಯ ಇನ್ನೂ ವ್ಯಾಪಕವಾಗಿದೆ. ನಮ್ಮ ಮನೆಯ ಹಲ್ಲಿಗೆ ವಿಷದ ಗ್ರಂಥಿಯಿಲ್ಲ. ಆದರೆ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ಆದ್ದರಿಂದ ಆ ಅಡುಗೆಯನ್ನು ಚೆಲ್ಲುವುದೇ ಸರಿ, ಪಾತ್ರೆಗಳ ಮೇಲೆ ಮುಚ್ಚಳವಿಡುವುದು ಇನ್ನೂ ಸರಿ. ಈ ಭಯದಿಂದ ಪೊರಕೆ ಎತ್ತುವವರಿಗೆ ಬಹಳ ಸಲ ಸಿಗುವುದು ಮಿಡಿಯುವ ಬಾಲ ಮಾತ್ರ. ಬಾಲದ ಮೂಳೆಗಳಲ್ಲಿ ಮುರಿಯಲೆಂದೇ ಗೆರೆ ಕೊಯ್ದಂಥ ಜಾಗಗಳಿವೆ. ಮತ್ತೆ ಬೆಳೆಯುವ ಬಾಲದೊಳಗೆ ಮೂಳೆಯ ಬದಲು ಮೃದ್ವಸ್ಥಿಯ ಕೊಳವೆಯಿರುತ್ತದೆ.

ಬಾಲ ಕಳೆದುಕೊಂಡ ಹಲ್ಲಿಯೂ ನಾಲ್ಕು ದಿನ ಬಿಟ್ಟು ಅದೇ ಟ್ಯೂಬ್‌ಲೈಟಿನ ಬಳಿ ಕಾಣಿಸಿಕೊಳ್ಳಬಹುದು. ಸೊಳ್ಳೆ, ಪತಂಗಗಳನ್ನು ಹಿಡಿಯಲು ಬಂದ ಅದರ ಬೆರಳುಗಳನ್ನು ಕಿಟಕಿಯ ಗಾಜಿನ ಆಚೆ ಬದಿಯಿಂದ ನೋಡಿದರೆ ಆ ಅಡ್ಡಡ್ಡ ಮಡಿಕೆಗಳು ಬರಿಗಣ್ಣಿಗೇ ಕಾಣುತ್ತವೆ.