ಪೆನಿಸಿಲಿನ್‌ಗಿಂತ ಮೊದಲೇ ಇದ್ದ ಮೊಂಡು ರೋಗಾಣು

ಪೆನಿಸಿಲಿನ್ ಎಂದ ಕೂಡಲೇ ನಮ್ಮ ಮಕ್ಕಳು 1928, ಅಲೆಗ್ಸಾಂಡರ್ ಫ್ಲೆಮಿಂಗ್ ಎಂದು ಹೇಳಿಬಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದಕ್ಕೂ ಹದಿಮೂರು ವರ್ಷ ಮೊದಲು ಸತ್ತ ಒಬ್ಬ ಸಿಪಾಯಿಯ ಕತೆ ನಮ್ಮ ಪಾಠದಲ್ಲಿಲ್ಲ.

ಅವನ ಹೆಸರು ಅರ್ನೆಸ್ಟ್ ಕೇಬಲ್, ಬ್ರಿಟಿಷ್ ಸೈನಿಕ. ಮೊದಲ ಮಹಾಯುದ್ಧದಲ್ಲಿ, 1915ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಕಡಲತೀರದ ವಿಮೆರೋ ಎಂಬ ಊರಿನಲ್ಲಿ ತೀರಿಕೊಂಡ. ಗುಂಡೇಟಿನಿಂದಲ್ಲ, ರಕ್ತಭೇದಿಯಿಂದ. ಕಂದಕದ ಕೆಸರು, ಕೊಳೆನೀರಿನ ನಡುವೆ ಬದುಕಿದ ಸೈನಿಕರಿಗೆ ಭೇದಿಯೂ ಒಂದು ಶತ್ರುವೇ ಆಗಿತ್ತು. ಅವನಿಂದ ದೊರೆತ ಶಿಗೆಲ್ಲಾ ರೋಗಾಣುವನ್ನು ಸೇನೆಯ ವೈದ್ಯರು ಕಾದಿಟ್ಟರು. ಬ್ರಿಟನ್ನಿನಲ್ಲಿ 1920ರಲ್ಲಿ ಆರಂಭವಾದ ರಾಷ್ಟ್ರೀಯ ರೋಗಾಣು ಸಂಗ್ರಹದಲ್ಲಿ ಅದಕ್ಕೆ ಸಿಕ್ಕಿದ್ದು ಒಂದನೇ ನಂಬರು.

ಈ ರೋಗಾಣುವನ್ನು ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಅದು ಪೆನಿಸಿಲಿನ್‌ಗೂ ಎರಿತ್ರೋಮೈಸಿನ್‌ಗೂ ಬಗ್ಗಲಿಲ್ಲ! ಮದ್ದು ಹುಟ್ಟುವ ಮೊದಲೇ ಪ್ರತಿರೋಧ ಹೇಗೆ ಬಂತು? ಮಣ್ಣಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳ ಜಗಳ ಮನುಷ್ಯನಿಗಿಂತ ಹಳೆಯದು. ಆಯುಧವೂ ಗುರಾಣಿಯೂ ಅಲ್ಲೇ ಹುಟ್ಟಿದವು.

ಅದೇ ಯುದ್ಧಕಾಲದಲ್ಲಿ ಫ್ಲೆಮಿಂಗ್ ಕೂಡ ವಿಮೆರೋ ಪಕ್ಕದ ಬೊಲೋನ್ ಊರಿನಲ್ಲಿ ಸೇನಾ ವೈದ್ಯರಾಗಿದ್ದರು. ಗಾಯಕ್ಕೆ ಸುರಿಯುತ್ತಿದ್ದ ನಂಜುನಾಶಕ ದ್ರಾವಣ ಆಳದ ರೋಗಾಣುಗಳನ್ನು ಮುಟ್ಟುವುದಿಲ್ಲ, ನಮ್ಮ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ ಎಂದು ತೋರಿಸಿದರು. 1945ರ ನೊಬೆಲ್ ಭಾಷಣದಲ್ಲಿ, ಪೆನಿಸಿಲಿನ್ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣು ಅದಕ್ಕೆ ಒಗ್ಗಿಹೋಗುತ್ತದೆ ಎಂದು ಎಚ್ಚರಿಸಿದವರೂ ಅವರೇ. (ಎರಡು ಮಾತ್ರೆಗೆ ಜ್ವರ ಇಳಿಯಿತೆಂದು ಉಳಿದದ್ದನ್ನು ಡಬ್ಬದಲ್ಲಿ ಎತ್ತಿಡುವ ತಂದೆತಾಯಂದಿರು ಇದನ್ನು ಗಮನಿಸಬೇಕು.)

ಯುದ್ಧ ಬಂದಲ್ಲಿ ಈ ಎಚ್ಚರಿಕೆ ಪಾಲಿಸುವುದು ಹೇಗೆ? ಇರಾಕಿನಲ್ಲಿ 2003ರ ನಂತರ ಗಾಯಗೊಂಡ ಅಮೆರಿಕದ ಸೈನಿಕರಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣು ಹಬ್ಬಿತು. ಹಲವು ಮದ್ದುಗಳಿಗೆ ಜಗ್ಗದ ಇದಕ್ಕೆ 'ಇರಾಕಿಬ್ಯಾಕ್ಟರ್' ಎಂಬ ಅಡ್ಡಹೆಸರೇ ಬಿತ್ತು. ಮರುಭೂಮಿಯ ಮಣ್ಣಿನಿಂದ ಬಂತೆಂದು ಮೊದಲು ಶಂಕಿಸಿದರು. ಹುಡುಕಿದಾಗ ಸಿಕ್ಕಿದ್ದು ಯುದ್ಧಭೂಮಿಯ ಆಸ್ಪತ್ರೆಗಳಲ್ಲೇ. ಗಾಯಾಳುಗಳ ಜೊತೆ ಅದೂ ವಿಮಾನ ಹತ್ತಿ ಜರ್ಮನಿ, ಅಮೆರಿಕ ತಲುಪಿತು.

ಸೈನಿಕನಿಗೆ ವಿಮಾನವಾದರೂ ಇತ್ತು. ಊರಿನ ಸಾಮಾನ್ಯ ಜನರಿಗೆ? ಕೈತೊಳೆಯಲು ನೀರಿಲ್ಲದ ಆಸ್ಪತ್ರೆ, ಯಾವ ಮದ್ದು ನಾಟುತ್ತದೆಂದು ನೋಡಲು ಪ್ರಯೋಗಾಲಯವಿಲ್ಲದೆ ಅಂದಾಜಿನ ಚಿಕಿತ್ಸೆ, ಅದೂ ಊರು ಬಿಟ್ಟು ಓಡುವಾಗ ಅರ್ಧಕ್ಕೆ ನಿಂತದ್ದು. ಗಡಿಗಳಿಲ್ಲದ ವೈದ್ಯರು ಎಂಬ ಸಂಸ್ಥೆ 2006ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಇಂಥ ಇರಾಕಿಗಳಿಗಾಗಿ ಶಸ್ತ್ರಚಿಕಿತ್ಸೆ ಆರಂಭಿಸಿತು. ಬಂದವರಲ್ಲಿ ಅನೇಕರ ಮೂಳೆಯೊಳಗೇ ಹಳೆಯ ಸೋಂಕು ಕೂತಿತ್ತು. ಮೂಳೆಯ ಚೂರು ತೆಗೆದು ಪರೀಕ್ಷಿಸಿ, ವಾರಗಟ್ಟಲೆ ಮದ್ದು ಕೊಟ್ಟ ಮೇಲೆಯೇ ಮುರಿದ ಕಾಲನ್ನು ಜೋಡಿಸುವ ಮಾತು.